ಒಂದೇ ರೆಪೊಸಿಟರಿಯೋ, ಹಲವೋ: ಎಮ್ಯುಲೇಟರ್ ಕೋಡನ್ನು ಪಾಲು ಮಾಡಹೊರಟವರಿಗೆ ಹೋಲಿಕೆಯ ಮಾರ್ಗದರ್ಶಿ

ಪುಣೆಯ ಕೋಥ್ರೂಡಿನಲ್ಲಿ ಭಾನುವಾರಗಳಂದು ಕೂಡುವ ನಾವು ಕೆಲವು ಕನ್ನಡಿಗರು ಹಲವು ವರ್ಷಗಳಿಂದ ಒಂದು ಓಪನ್ ಸೋರ್ಸ್ ಎಮ್ಯುಲೇಟರನ್ನು ಬೆಳೆಸುತ್ತಿದ್ದೇವೆ. ಪಾಲಿಟೆಕ್ನಿಕ್ ಪ್ರಯೋಗಾಲಯಗಳಲ್ಲಿ ಬಳಸುವ 8085 ಪ್ರೊಸೆಸರಿನ ಟ್ರೇನರ್ ಕಿಟ್‌ಗಳನ್ನೂ ಝಡ್80 ಚಿಪ್ಪಿನ ಮೇಲೆ ನಡೆಯುತ್ತಿದ್ದ ಕೆಲವು ಹಳೆಯ ಕಂಪ್ಯೂಟರ್‌ಗಳನ್ನೂ ಇಂದಿನ ಲ್ಯಾಪ್‌ಟಾಪಿನ ಮೇಲೆ ಯಥಾವತ್ತಾಗಿ ನಡೆಸುವುದು ಅದರ ಕೆಲಸ. ಡೊಂಬಿವಲಿಯಲ್ಲಿರುವ ಒಬ್ಬರು ಕನ್ನಡದಲ್ಲಿ ಪ್ರಯೋಗದ ಕೈಪಿಡಿ ಬರೆಯುತ್ತಾರೆ, ಮಡಗಾಂವಿನಲ್ಲಿರುವ ಒಬ್ಬರು ಕ್ಯಾಸೆಟ್ ಮತ್ತು ಧ್ವನಿಯ ಭಾಗವನ್ನು ಪರೀಕ್ಷಿಸುತ್ತಾರೆ, ಉಳಿದವರು ಚಿಪ್ಪುಗಳನ್ನು ಬರೆಯುತ್ತೇವೆ. ಕಳೆದ ಮಳೆಗಾಲದಲ್ಲಿ ವಿಜಯಪುರದಿಂದ ಇಲ್ಲಿಗೆ ಓದಲು ಬಂದಿರುವ ಒಬ್ಬ ವಿದ್ಯಾರ್ಥಿನಿ ನಮ್ಮೊಡನೆ ಸೇರಿಕೊಂಡಳು. ಒಂದು ಕಿಟ್ಟಿನ ಡಿಸ್‌ಪ್ಲೇಯಲ್ಲಿ ದಶಮಾಂಶ ಚುಕ್ಕಿ ಹೊತ್ತಿಕೊಳ್ಳದಿರುವುದನ್ನು ಸರಿಪಡಿಸುವುದು ಅವಳಿಗೆ ಕೊಟ್ಟ ಮೊದಲ ಕೆಲಸವಾಗಿತ್ತು. ಅದಕ್ಕಾಗಿ ಅವಳು ಹಾಸ್ಟೆಲ್ಲಿನಲ್ಲಿ ಕುಳಿತು ಮೊಬೈಲಿನ ಡೇಟಾದಲ್ಲಿ ಇಡೀ ರೆಪೊಸಿಟರಿಯನ್ನು (ಕೋಡಿನ ಫೈಲುಗಳೂ ಅವುಗಳ ಬದಲಾವಣೆಗಳ ದಾಖಲೆಯೂ ಇರುವ ಭಂಡಾರವನ್ನು), ಅದರ ಎಲ್ಲ ವರ್ಷಗಳ ಇತಿಹಾಸದೊಡನೆ, ಇಳಿಸಿಕೊಳ್ಳಬೇಕಾಯಿತು. ಮುಂದಿನ ಭಾನುವಾರ ಬಂದವಳು, "ಸರ್, ನನಗೆ ಬೇಕಾಗಿದ್ದದ್ದು ಒಂದೇ ಒಂದು ಫೋಲ್ಡರ್. ಉಳಿದದ್ದನ್ನೆಲ್ಲ ಬೇರೆಬೇರೆ ಇಡಬಾರದೇಕೆ?" ಎಂದು ಕೇಳಿದಳು.

ಪ್ರಶ್ನೆ ನ್ಯಾಯವಾದದ್ದು. ಅದನ್ನು ನಾವು ನಮ್ಮೊಳಗೇ ತಿಂಗಳುಗಟ್ಟಲೆ ಚರ್ಚಿಸಿದೆವು, ಎರಡು ಪ್ರಯೋಗಗಳನ್ನು ಮಾಡಿ ನೋಡಿದೆವು, ಒಂದನ್ನು ಹಿಂದಕ್ಕೆ ತೆಗೆದುಕೊಂಡೆವು. ಅದರಿಂದ ತಿಳಿದದ್ದನ್ನು ಇಂಥದೇ ನಿರ್ಧಾರದ ಮುಂದೆ ನಿಂತಿರುವವರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಕೋಡ್ ಎಷ್ಟು ದೊಡ್ಡದಾಗಿದೆ ಎಂಬುದನ್ನು ನೋಡಿ ಪಾಲು ಮಾಡಬಾರದು. ಯಾವ ಭಾಗಗಳು ಜೊತೆಯಲ್ಲಿ ಬದಲಾಗುತ್ತವೆ ಎಂಬುದನ್ನು ನೋಡಿ ಮಾಡಬೇಕು. ಊರಿನಲ್ಲಿ ಅಣ್ಣತಮ್ಮಂದಿರು ಬೇರೆಯಾದಾಗ ಒಲೆ ಎರಡಾಗುತ್ತದೆ, ಹೊಲಕ್ಕೆ ಬದು ಬೀಳುತ್ತದೆ, ಆದರೆ ಬಾವಿಯನ್ನು ಯಾರೂ ಪಾಲು ಮಾಡುವುದಿಲ್ಲ. ಎಮ್ಯುಲೇಟರಿನಲ್ಲಿ ಒಲೆ ಯಾವುದು, ಬಾವಿ ಯಾವುದು ಎಂದು ತಿಳಿಯದೆ ಅಳತೆಯ ಹಗ್ಗ ಹಿಡಿದರೆ ಮುಂದಿನ ಹಲವು ವರ್ಷ ತೊಂದರೆ ತಪ್ಪದು.

ಎಮ್ಯುಲೇಟರ್ ಕೋಡಿನ ಒಳಗಂಟು

ಅಂಗಡಿಯ ಲೆಕ್ಕದ ತಂತ್ರಾಂಶವನ್ನೋ ಜಾಲತಾಣವನ್ನೋ ಪಾಲು ಮಾಡುವ ನಿಯಮಗಳು ಇಲ್ಲಿಗೆ ನೇರವಾಗಿ ಹೊಂದುವುದಿಲ್ಲ. ಎಮ್ಯುಲೇಟರಿನ ಕೋಡ್ ಸಾಮಾನ್ಯವಾಗಿ ಆರೇಳು ಪದರಗಳಲ್ಲಿರುತ್ತದೆ: ಪ್ರೊಸೆಸರ್‌ಗಳನ್ನು ಅನುಕರಿಸುವ ಕೋರ್, ಸುತ್ತಲಿನ ಚಿಪ್ಪುಗಳು, ಯಾವ ಚಿಪ್ಪು ಯಾವ ವಿಳಾಸದಲ್ಲಿ ಕೂತಿದೆ ಎಂದು ಹೇಳುವ ಯಂತ್ರಗಳ ವಿವರಣೆ, ಕಾಲವನ್ನು ಹಂಚುವ ಷೆಡ್ಯೂಲರ್, ಪರದೆ ಮತ್ತು ಕೀಲಿಮಣೆಗೆ ಅಂಟಿದ ಮುಂಭಾಗ, ಡೀಬಗರ್, ಮತ್ತು ರಾಮ್‌ಗಳ (ROM, ಬರಹ ಅಳಿಯದ ಸ್ಮೃತಿಯ ಚಿಪ್ಪುಗಳ) ಚೆಕ್‌ಸಮ್‌ನಂಥ (ಒಳಗಿನ ಬರಹ ಸರಿಯಿದೆಯೇ ಎಂದು ನೋಡುವ ಗುರುತಿನ ಸಂಖ್ಯೆಯಂಥ) ಮಾಹಿತಿಯ ಪಟ್ಟಿಗಳು. ಡೈರೆಕ್ಟರಿಗಳ ಪಟ್ಟಿ ನೋಡಿದವರಿಗೆ ಇವು ಬೇರೆಬೇರೆ ಮನೆಗಳಂತೆ ಕಾಣುತ್ತವೆ. ಒಳಗೆ ಹೋದರೆ ಒಂದೇ ಹಿತ್ತಲು ಎಂದು ತಿಳಿಯುತ್ತದೆ.

ಹೊರಗಿನ ಸಾಧನಗಳನ್ನು ಪ್ರೊಸೆಸರಿಗೆ ಜೋಡಿಸುವ 8255 ಎಂಬ ಚಿಪ್ಪನ್ನೇ ನೋಡಿ. ಅದು ನಮ್ಮ ಟ್ರೇನರ್ ಕಿಟ್ಟಿನಲ್ಲಿ ಎಲ್‌ಇಡಿಗಳನ್ನೂ ಸ್ಟೆಪ್ಪರ್ ಮೋಟಾರನ್ನೂ ನಡೆಸುತ್ತದೆ. ಎಂಎಸ್‌ಎಕ್ಸ್ ಎಂಬ ಹಳೆಯ ಮನೆಯ ಕಂಪ್ಯೂಟರಿನಲ್ಲಿ ಸ್ಮೃತಿಯ ಸ್ಲಾಟ್‌ಗಳನ್ನು ಆರಿಸಿ ಕೀಲಿಮಣೆಯನ್ನು ಓದುತ್ತದೆ. ಐಬಿಎಂನ ಮೊದಲ ಪಿಸಿಯಲ್ಲೂ ಕೀಲಿಮಣೆಯ ಕೆಲಸವನ್ನು ಮಾಡಿದೆ. ಒಂದು ಯಂತ್ರಕ್ಕಾಗಿ ಅದರ ನಡತೆಯನ್ನು ತಿದ್ದಿದರೆ ಇನ್ನೊಂದು ಯಂತ್ರ ಕೆಡಬಹುದು, ಮತ್ತು ಅದು ಕೆಟ್ಟಿತೆಂದು ಗೊತ್ತಾಗುವುದು ಎರಡೂ ಯಂತ್ರಗಳ ಪರೀಕ್ಷೆಗಳು ಒಟ್ಟಿಗೆ ನಡೆದಾಗ ಮಾತ್ರ.

ನಮ್ಮಲ್ಲೇ ನಡೆದ ಒಂದು ತಿದ್ದುಪಡಿ ಇದನ್ನು ಇನ್ನೂ ಸ್ಪಷ್ಟವಾಗಿ ತೋರಿಸುತ್ತದೆ. 8085ಕ್ಕಿಂತ ಹಳೆಯ 8080 ಪ್ರೊಸೆಸರಿನಲ್ಲಿ ಷರತ್ತಿನ ಜಂಪ್ ಆದೇಶ ನೆಗೆದರೂ ನೆಗೆಯದಿದ್ದರೂ 10 ಟಿ-ಸ್ಟೇಟ್ (ಪ್ರೊಸೆಸರಿನ ಗಡಿಯಾರದ ಬಡಿತ) ತೆಗೆದುಕೊಳ್ಳುತ್ತದೆ. 8085ರಲ್ಲಿ ನೆಗೆದರೆ 10, ನೆಗೆಯದಿದ್ದರೆ 7. ನಮ್ಮ ಕೋರ್ ಎರಡಕ್ಕೂ ಒಂದೇ ಕೋಷ್ಟಕವನ್ನು ಬಳಸುತ್ತಿತ್ತು. 8085ರ ಎಸ್‌ಒಡಿ ಎಂಬ ಔಟ್‌ಪುಟ್ ಪಿನ್ನಿನ ಮೇಲೆ ಚೌಕಾಕಾರದ ತರಂಗವನ್ನು ಹೊರಡಿಸುವ ಪ್ರಯೋಗದಲ್ಲಿ ವಿಳಂಬದ ಲೂಪ್ ಪ್ರತಿ ಅರ್ಧ ಆವರ್ತಕ್ಕೊಮ್ಮೆ ಮುಗಿಯುತ್ತದೆ, ಅಂದರೆ ಅಷ್ಟಕ್ಕೊಮ್ಮೆ ಜಂಪ್ ನೆಗೆಯದೆ ಕೆಳಗಿಳಿಯುತ್ತದೆ. ಅರ್ಧ ಆವರ್ತ 100 ಸ್ಟೇಟ್‌ಗಳಷ್ಟಿದ್ದರೆ 3 ಸ್ಟೇಟ್‌ಗಳ ತಪ್ಪು ಶೇಕಡಾ 3 ಆಗುತ್ತದೆ, ಮತ್ತು ಕಿಟ್ಟಿಗೆ ಸಿಆರ್‌ಒ (ತರಂಗವನ್ನು ಪರದೆಯ ಮೇಲೆ ತೋರಿಸುವ ಉಪಕರಣ) ಜೋಡಿಸಿ ನೋಡಿದ ವಿದ್ಯಾರ್ಥಿಗೆ ಎಮ್ಯುಲೇಟರಿನ ಆವರ್ತನ ಹೊಂದುವುದಿಲ್ಲ. ಇದನ್ನು ಸರಿಪಡಿಸಲು ಪ್ರೊಸೆಸರಿನ ಕೋಷ್ಟಕವನ್ನು ಬದಲಿಸಬೇಕಾಯಿತು, ಕಿಟ್ಟಿನ ಪರೀಕ್ಷೆಯಲ್ಲಿ ನಿರೀಕ್ಷಿಸಿದ ಸಂಖ್ಯೆಗಳನ್ನು ಬದಲಿಸಬೇಕಾಯಿತು, ಡೊಂಬಿವಲಿಯವರು ಬರೆದ ಕೈಪಿಡಿಯ ಕೋಷ್ಟಕವನ್ನೂ ಬದಲಿಸಬೇಕಾಯಿತು. ಮೂರೂ ಸೇರಿ ಒಂದೇ ಕಮಿಟ್, ಅಂದರೆ ಒಟ್ಟಿಗೆ ದಾಖಲಾದ ಒಂದೇ ಬದಲಾವಣೆ. ಎಂದಾದರೂ ಇದರಲ್ಲಿ ತಪ್ಪು ಕಂಡರೆ ಕೋಡಿನ ಇತಿಹಾಸವನ್ನು ಕಾಪಿಡುವ ಗಿಟ್ ತಂತ್ರಾಂಶದ ಬೈಸೆಕ್ಟ್ (ತಪ್ಪು ಯಾವ ಕಮಿಟ್ಟಿನಿಂದ ಬಂತೆಂದು ಹುಡುಕುವ ಆದೇಶ) ನೇರವಾಗಿ ಆ ಕಮಿಟ್ಟಿಗೆ ಬೊಟ್ಟು ಮಾಡುತ್ತದೆ. ಮೂರು ಭಾಗಗಳು ಮೂರು ರೆಪೊಸಿಟರಿಗಳಲ್ಲಿದ್ದಿದ್ದರೆ ಮೂರು ಕಮಿಟ್‌ಗಳು, ಅವುಗಳನ್ನು ಯಾವ ಕ್ರಮದಲ್ಲಿ ಸೇರಿಸಬೇಕೆಂಬ ಒಪ್ಪಂದ, ನಡುವಿನ ಹೊತ್ತಿನಲ್ಲಿ ಪರೀಕ್ಷೆ ಸೋಲುವ ಒಂದು ಅವಧಿ, ಇವೆಲ್ಲ ಹುಟ್ಟಿಕೊಳ್ಳುತ್ತಿದ್ದವು. ನಿಖರತೆಯನ್ನು ಬೆನ್ನಟ್ಟುವ ಎಮ್ಯುಲೇಟರಿನಲ್ಲಿ ಇಂಥ ತಿದ್ದುಪಡಿಗಳು ಅಪರೂಪವಲ್ಲ. ಕೆಲಸದ ತಿರುಳೇ ಅವು.

ಹಿರಿಯ ಯೋಜನೆಗಳು ನಡೆದ ದಾರಿ

ಈ ವಿಷಯದಲ್ಲಿ ಅತ್ಯಂತ ಪಾಠ ಕಲಿಸುವುದು ಮೇಮ್ ಎಂಬ ಎಮ್ಯುಲೇಟರಿನ ಇತಿಹಾಸ. ನಿಕೋಲಾ ಸಾಲ್ಮೋರಿಯಾ ಅವರು 1997ರ ಫೆಬ್ರುವರಿ 5ರಂದು ಮೊದಲ ಆವೃತ್ತಿಯನ್ನು ಬಿಡುಗಡೆ ಮಾಡಿದಾಗ ಅದು ಆರ್ಕೇಡ್ ಆಟದ ಯಂತ್ರಗಳಿಗೆ ಮಾತ್ರ ಸೀಮಿತವಾಗಿತ್ತು. ಮರುವರ್ಷ ಅದೇ ಬುನಾದಿಯ ಮೇಲೆ ಮನೆಯ ಕಂಪ್ಯೂಟರ್‌ಗಳಿಗೂ ಗೇಮ್ ಕನ್ಸೋಲ್‌ಗಳಿಗೂ ಮೆಸ್ ಎಂಬ ಸೋದರ ಯೋಜನೆ ಹುಟ್ಟಿತು. ಎರಡಕ್ಕೂ ಬೇಕಾದ ಪ್ರೊಸೆಸರ್‌ಗಳೂ ಧ್ವನಿಯ ಚಿಪ್ಪುಗಳೂ ಬಹುಮಟ್ಟಿಗೆ ಒಂದೇ. ಸುಮಾರು ಹದಿನೇಳು ವರ್ಷ ಎರಡು ಹೆಸರಿನಲ್ಲಿ ನಡೆದ ಮೇಲೆ 2015ರಲ್ಲಿ, 0.162 ಆವೃತ್ತಿಯಲ್ಲಿ, ಮೆಸ್ ಮೇಮ್‌ನೊಳಗೆ ಸೇರಿತು. ಅಂದರೆ ಈ ಕ್ಷೇತ್ರದ ಬಹು ದೊಡ್ಡ ಯೋಜನೆ ನಡೆದದ್ದು ಒಡೆಯುವ ಕಡೆಗಲ್ಲ, ಕೂಡುವ ಕಡೆಗೆ. ದೊಡ್ಡದಾದ ಕೋಡಿನ ತೊಂದರೆಯನ್ನು ಅವರು ಬೇರೆ ರೀತಿಯಲ್ಲಿ ಹಗುರ ಮಾಡಿಕೊಂಡರು: ಬೇಕಾದ ಯಂತ್ರದ ಫೈಲನ್ನು ಮಾತ್ರ ಹೆಸರಿಸಿದರೆ ಅದಕ್ಕೆ ಬೇಕಾದ ಚಿಪ್ಪುಗಳನ್ನು ತಾನೇ ಹುಡುಕಿಕೊಂಡು ಚಿಕ್ಕ ಎಮ್ಯುಲೇಟರನ್ನು ಕಟ್ಟಿಕೊಡುವ ಸೌಲಭ್ಯವನ್ನು ಬಿಲ್ಡ್ ವ್ಯವಸ್ಥೆಯೊಳಗೇ (ಕೋಡಿನಿಂದ ತಂತ್ರಾಂಶವನ್ನು ಕಟ್ಟುವ ಭಾಗದಲ್ಲೇ) ಇಟ್ಟರು, ಯಂತ್ರಗಳ ಫೈಲುಗಳನ್ನು 2022ರಲ್ಲಿ ತಯಾರಕರ ಹೆಸರಿನ ಫೋಲ್ಡರ್‌ಗಳಲ್ಲಿ ವಿಂಗಡಿಸಿದರು.

ಇಡೀ ಕಂಪ್ಯೂಟರನ್ನು ಅನುಕರಿಸುವ ಕ್ಯೂಇಎಂಯುವಿನ ದಾರಿ ಸ್ವಲ್ಪ ಬೇರೆ, ಮತ್ತು ನನಗೆ ಹೆಚ್ಚು ಸೂಕ್ಷ್ಮವಾಗಿ ಕಾಣುತ್ತದೆ. ಫ್ಯಾಬ್ರಿಸ್ ಬೆಲ್ಲಾರ್ಡ್ ಅವರು 2003ರಲ್ಲಿ ಆರಂಭಿಸಿದ ಆ ಯೋಜನೆಯೊಳಗೆ ಸ್ಲರ್ಪ್ ಎಂಬ ಬಳಕೆದಾರ ಮಟ್ಟದ ನೆಟ್‌ವರ್ಕ್ ಕೋಡ್ ಬಹುಕಾಲ ಕೂಡಿಕೊಂಡಿತ್ತು. 2019ರಲ್ಲಿ ಅದನ್ನು ಲಿಬ್‌ಸ್ಲರ್ಪ್ ಎಂಬ ಪ್ರತ್ಯೇಕ ಗ್ರಂಥಾಲಯವಾಗಿ ಹೊರತೆಗೆದರು. 2022ರ ಡಿಸೆಂಬರಿನ 7.2 ಆವೃತ್ತಿಯಿಂದ ಅದರ ಪ್ರತಿಯನ್ನು ಒಳಗಿಟ್ಟುಕೊಳ್ಳುವುದನ್ನೂ ನಿಲ್ಲಿಸಿದರು. ಕಂಟೇನರ್‌ಗಳ (ತಂತ್ರಾಂಶವನ್ನು ಪ್ರತ್ಯೇಕ ಆವರಣದಲ್ಲಿಟ್ಟು ನಡೆಸುವ) ಲೋಕಕ್ಕೂ ಅದು ಬೇಕಾಗಿತ್ತು, ಅದರ ಗಡಿ ಕಿರಿದಾಗಿತ್ತು (ಒಂದು ಕಡೆಯಿಂದ ಈಥರ್ನೆಟ್ ಪ್ಯಾಕೆಟ್ ಬರುತ್ತದೆ, ಇನ್ನೊಂದು ಕಡೆ ಸಾಕೆಟ್ ಇರುತ್ತದೆ), ಯಾವುದೋ ಚಿಪ್ಪಿನ ನಡತೆ ತಿದ್ದಿದ ಮಾತ್ರಕ್ಕೆ ಅದು ಬದಲಾಗುವುದಿಲ್ಲ. ಇದು ಒಲೆ ಬೇರೆ ಮಾಡಿದ ಒಳ್ಳೆಯ ಉದಾಹರಣೆ. ಅದೇ ಯೋಜನೆಯಲ್ಲಿ ಲಿನಕ್ಸಿನ ಕೆವಿಎಂಗಾಗಿ (ಅತಿಥಿ ಯಂತ್ರವನ್ನು ನಿಜವಾದ ಪ್ರೊಸೆಸರಿನ ಮೇಲೆಯೇ ನಡೆಸುವ ಸೌಲಭ್ಯಕ್ಕಾಗಿ) ಪ್ರತ್ಯೇಕವಾಗಿ ನಡೆಯುತ್ತಿದ್ದ ಕವಲು ಮಾತ್ರ 2012ರ ಡಿಸೆಂಬರಿನ 1.3 ಆವೃತ್ತಿಯ ಹೊತ್ತಿಗೆ ಮುಖ್ಯ ಮರಕ್ಕೆ ಮರಳಿತು. ಪ್ರೊಸೆಸರನ್ನು ನಡೆಸುವ ಕೋಡ್ ಅದು. ಯಂತ್ರದಿಂದ ಬಹುಕಾಲ ದೂರವಿರಲು ಆಗಲಿಲ್ಲ.

ಪ್ರೊಸೆಸರಿನ ಭಾಗವನ್ನಷ್ಟೇ ಹೊರಗೆ ಎತ್ತಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಯೂನಿಕಾರ್ನ್ ಎಂಜಿನ್ ಸಾಕ್ಷಿ. ಕ್ಯೂಇಎಂಯುವಿನ ಸಿಪಿಯು ಎಮ್ಯುಲೇಷನ್ನನ್ನು ಆಧರಿಸಿ 2015ರಲ್ಲಿ ಬಂದ ಅದು ಭದ್ರತೆಯ ಸಂಶೋಧಕರಿಗೆ ದೊಡ್ಡ ಉಪಕಾರ ಮಾಡಿದೆ, ಅದನ್ನು ಕಡಿಮೆ ಮಾಡಿ ಹೇಳುವ ಉದ್ದೇಶ ನನಗಿಲ್ಲ. ಆದರೆ ಮೂಲ ಮರದ ಸುಧಾರಣೆಗಳನ್ನು ಒಳತರಲು ಬುನಾದಿಯನ್ನೇ ಮರುಕಟ್ಟಬೇಕಾಯಿತು. 2022ರ ಎರಡನೆಯ ಆವೃತ್ತಿ ನಿಂತದ್ದು ಕ್ಯೂಇಎಂಯುವಿನ 5.0.1ರ ಮೇಲೆ, ಅಂದರೆ 2020ರ ಸರಣಿಯ ಮೇಲೆ. ಕೋರನ್ನು ಬೇರ್ಪಡಿಸಿದವರು ಇಂಥ ಅಂತರವನ್ನು ತುಂಬುವ ಕೆಲಸಕ್ಕೂ ಜನರನ್ನು ಎತ್ತಿಡಬೇಕಾಗುತ್ತದೆ.

ಎಮ್ಯುಲೇಟರ್ ಲೋಕದ ಹೊರಗಿನ ಎರಡು ಘಟನೆಗಳನ್ನೂ ಹೇಳಬೇಕು. 2005ರ ಡಿಸೆಂಬರ್ 21ರಂದು, ಲಿನಕ್ಸಿನಂಥ ವ್ಯವಸ್ಥೆಗಳಲ್ಲಿ ಪರದೆಯನ್ನು ನೋಡಿಕೊಳ್ಳುವ ಎಕ್ಸ್ ತಂತ್ರಾಂಶದ ಎಕ್ಸ್.ಆರ್ಗ್ ಒಂದೇ ಕೋಡನ್ನು ಎರಡು ರೂಪಗಳಲ್ಲಿ ಬಿಡುಗಡೆ ಮಾಡಿತು: ಎಲ್ಲವೂ ಒಟ್ಟಿಗಿದ್ದ ಆರ್6.9, ಬಿಡಿಬಿಡಿ ಮಾಡ್ಯೂಲ್‌ಗಳ ಆರ್7.0. ಅಂದಿನಿಂದ ಬಿಡಿ ರೂಪವೇ ಮುಂದುವರಿಯಿತು. ಒಂದು ಗ್ರಾಫಿಕ್ಸ್ ಡ್ರೈವರನ್ನು ಸರಿಪಡಿಸಿ ಇಡೀ ಎಕ್ಸ್‌ನ ಬಿಡುಗಡೆಗೆ ಕಾಯದೆ ಜನರಿಗೆ ತಲುಪಿಸುವುದು ಸಾಧ್ಯವಾಯಿತು. ಆದರೆ ಪ್ರೋಟೊಕಾಲ್‌ಗಳ ಹೆಡರ್ ಫೈಲುಗಳನ್ನು ಒಂದೊಂದಾಗಿ ಇಟ್ಟದ್ದು ಅತಿಯಾಯಿತೆಂದು ಕಂಡು 2018ರಲ್ಲಿ ಅವುಗಳನ್ನು ಎಕ್ಸ್.ಆರ್ಗ್ ಪ್ರೋಟೊ ಎಂಬ ಒಂದೇ ಪೊಟ್ಟಣದಲ್ಲಿ ಮತ್ತೆ ಕೂಡಿಸಿದರು. ಎಲ್‌ಎಲ್‌ವಿಎಂ ಎಂಬ ಕಂಪೈಲರ್ ಯೋಜನೆಯವರು ಗಿಟ್‌ಹಬ್‌ಗೆ ಹೊರಟಾಗ ಹಲವು ರೆಪೊಸಿಟರಿಗಳೋ ಒಂದೋ ಎಂದು ದೀರ್ಘವಾಗಿ ಚರ್ಚಿಸಿ, 2019ರ ಅಕ್ಟೋಬರಿನಲ್ಲಿ ಕಂಪೈಲರ್, ಲಿಂಕರ್, ಡೀಬಗರ್ ಎಲ್ಲವನ್ನೂ ಒಂದೇ ರೆಪೊಸಿಟರಿಯಲ್ಲಿಟ್ಟರು. ಕಂಪೈಲರಿನ ಒಳಗಿನ ಎಪಿಐ (ಒಂದು ಭಾಗ ಇನ್ನೊಂದನ್ನು ಕರೆಯುವ ರೀತಿ) ಬದಲಾದಾಗ ಅದರ ಎಲ್ಲ ಬಳಕೆದಾರರನ್ನೂ ಅದೇ ಕಮಿಟ್ಟಿನಲ್ಲಿ ತಿದ್ದಬಹುದು ಎಂಬುದು ಅಲ್ಲಿ ತೂಕದ ವಾದವಾಗಿತ್ತು. ನಮ್ಮ 8085ರ ಕಥೆಯೂ ಅದೇ ವಾದದ ಚಿಕ್ಕ ರೂಪ.

ಆಯ್ಕೆಗಳು ಮತ್ತು ಅವುಗಳ ಬೆಲೆ

ಮೊದಲ ಆಯ್ಕೆ, ಒಡೆಯದೆ ಹಗುರ ಮಾಡಿಕೊಳ್ಳುವುದು. ವಿದ್ಯಾರ್ಥಿನಿಯ ತೊಂದರೆ ಡೌನ್‌ಲೋಡಿನ ಗಾತ್ರವೇ ಆಗಿದ್ದರೆ ಅದಕ್ಕೆ ಗಿಟ್‌ನಲ್ಲೇ ಮದ್ದಿದೆ. ಪಾರ್ಷಿಯಲ್ ಕ್ಲೋನ್ (ರೆಪೊಸಿಟರಿಯ ಭಾಗಶಃ ಪ್ರತಿ) ಮಾಡಿದರೆ ಕಮಿಟ್‌ಗಳ ಸರಪಳಿ ಪೂರ್ತಿ ಬರುತ್ತದೆ, ಹಳೆಯ ಫೈಲುಗಳ ಒಡಲು ಮಾತ್ರ ಬೇಕಾದಾಗ ಬರುತ್ತದೆ. 2020ರ ಜನವರಿಯ 2.25 ಆವೃತ್ತಿಯಿಂದ ಇರುವ ಸ್ಪಾರ್ಸ್ ಚೆಕ್‌ಔಟ್ ಆದೇಶದಿಂದ ಬೇಕಾದ ಫೋಲ್ಡರ್‌ಗಳನ್ನಷ್ಟೇ ಡಿಸ್ಕಿನ ಮೇಲೆ ಹರಡಿಕೊಳ್ಳಬಹುದು. ಇವೆರಡನ್ನೂ ಕೂಡಿಸಿ ಅವಳ ಲ್ಯಾಪ್‌ಟಾಪಿನಲ್ಲಿ ಮಾಡಿ ತೋರಿಸಿದಾಗ ಅವಳ ಪ್ರಶ್ನೆಯ ಬಹುಪಾಲು ಅಲ್ಲೇ ಕರಗಿತು. ಶಾಲೋ ಕ್ಲೋನ್ ಕೂಡ ಇದೆ, ಆದರೆ ಅದರಲ್ಲಿ ಹಳೆಯ ಇತಿಹಾಸ ಇರುವುದಿಲ್ಲವಾದ್ದರಿಂದ ಬೈಸೆಕ್ಟ್ ಮಾಡಬೇಕಾದವರಿಗೆ ಅದನ್ನು ಸೂಚಿಸಲಾರೆ. ಸರ್ವರಿನಲ್ಲಿ ತಾನೇ ನಡೆಯುವ ಬಿಲ್ಡ್‌ಗಳಿಗೆ ಅದು ಸಾಕು. ಪಾರ್ಷಿಯಲ್ ಕ್ಲೋನಿಗೂ ಒಂದು ಮಿತಿಯಿದೆ: ಹಳೆಯ ಫೈಲೊಂದರ ಬ್ಲೇಮ್ (ಯಾವ ಸಾಲನ್ನು ಯಾರು ಬರೆದರೆಂಬ ವಿವರ) ನೋಡಹೊರಟರೆ ಅದು ಮತ್ತೆ ನೆಟ್‌ವರ್ಕಿಗೆ ಹೋಗುತ್ತದೆ, ಹಾಗಾಗಿ ಮಳೆಗಾಲದಲ್ಲಿ ಸಂಪರ್ಕ ಕೈಕೊಟ್ಟಾಗ ಕೆಲಸ ನಿಲ್ಲುತ್ತದೆ. ಮಡಗಾಂವಿನವರು ಇದೇ ಕಾರಣಕ್ಕೆ ಇಂದಿಗೂ ಪೂರ್ಣ ಕ್ಲೋನ್ ಇಟ್ಟುಕೊಂಡಿದ್ದಾರೆ.

ತೊಂದರೆ ಬಿಲ್ಡ್‌ನ ಸಮಯವಾಗಿದ್ದರೆ ಅದಕ್ಕೂ ರೆಪೊಸಿಟರಿಗೂ ಸಂಬಂಧವಿಲ್ಲ. ಮೇಮ್‌ನವರಂತೆ ಒಂದೇ ಯಂತ್ರವನ್ನು ಕಟ್ಟುವ ಅವಕಾಶವನ್ನು ಬಿಲ್ಡ್ ವ್ಯವಸ್ಥೆಯಲ್ಲಿ ಕೊಡಿ.

ಎರಡನೆಯದು ಸಬ್‌ಮಾಡ್ಯೂಲ್. ಇಲ್ಲಿ ಮುಖ್ಯ ರೆಪೊಸಿಟರಿ ಇನ್ನೊಂದು ರೆಪೊಸಿಟರಿಯ ಒಂದು ನಿಶ್ಚಿತ ಕಮಿಟ್ಟಿನ ಗುರುತನ್ನು ಮಾತ್ರ ಹಿಡಿದುಕೊಂಡಿರುತ್ತದೆ. ಹೊರಗಿನವರು ಬರೆದು ನಾವು ಬಳಸುವ ಕೋಡಿಗೆ ಇದು ಹೇಳಿ ಮಾಡಿಸಿದ್ದು. ಕ್ಯೂಇಎಂಯು ಸೀಬಯೋಸ್‌ನಂಥ ಫರ್ಮ್‌ವೇರ್‌ಗಳ ಮೂಲವನ್ನು ಹೀಗೆಯೇ ಇಟ್ಟುಕೊಂಡಿದೆ. ನಾವೇ ದಿನವೂ ತಿದ್ದುವ ಕೋಡಿಗೆ ಮಾತ್ರ ಇದು ಹಿಂಸೆ. ನಮ್ಮ ಹಿಂದಕ್ಕೆ ತೆಗೆದುಕೊಂಡ ಪ್ರಯೋಗ ಇದೇ ಆಗಿತ್ತು: ಚಿಪ್ಪುಗಳ ಫೋಲ್ಡರನ್ನು ಸಬ್‌ಮಾಡ್ಯೂಲ್ ಮಾಡಿದೆವು. ಪ್ರತಿ ತಿದ್ದುಪಡಿಗೂ ಒಳಗೊಂದು ಕಮಿಟ್, ಹೊರಗೆ ಗುರುತನ್ನು ಮುಂದೆ ಸರಿಸಲು ಇನ್ನೊಂದು ಕಮಿಟ್. ಒಂದು ಶನಿವಾರ ರಾತ್ರಿ ನಾನು ಹೊರಗಿನದನ್ನು ಪುಷ್ ಮಾಡಿ (ಸರ್ವರಿಗೆ ಕಳಿಸಿ) ಒಳಗಿನದನ್ನು ಪುಷ್ ಮಾಡುವುದನ್ನು ಮರೆತೆ. ಮರುದಿನ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಹದಿನೈದು ಯಂತ್ರಗಳ ಮೇಲೆ ಹೊಸದಾಗಿ ಇಳಿಸಿಕೊಳ್ಳಲು ಹೋದಾಗ, ಎಲ್ಲಿಯೂ ಇಲ್ಲದ ಕಮಿಟ್ಟನ್ನು ಹುಡುಕುತ್ತ ಎಲ್ಲವೂ ನಿಂತುಬಿಟ್ಟವು. ಆ ಕಮಿಟ್ ಇದ್ದದ್ದು ಕೋಥ್ರೂಡಿನ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಮಾತ್ರ. ಪುಷ್ ಮಾಡುವಾಗ ಸಬ್‌ಮಾಡ್ಯೂಲ್‌ಗಳನ್ನು ಪರೀಕ್ಷಿಸು ಎಂಬ ಸೆಟ್ಟಿಂಗ್ ಗಿಟ್‌ನಲ್ಲಿದೆ, ಅದನ್ನು ಹಾಕಿಕೊಂಡಿದ್ದರೆ ತಪ್ಪುತ್ತಿತ್ತು. ಸಬ್‌ಮಾಡ್ಯೂಲ್ ಬಳಸುವ ಪ್ರತಿಯೊಬ್ಬರೂ ಮೊದಲ ದಿನವೇ ಅದನ್ನು ಹಾಕಿಕೊಳ್ಳಬೇಕೆಂದು ನನ್ನ ಒತ್ತಾಯದ ಕೋರಿಕೆ.

ಮೂರನೆಯದು ಸಬ್‌ಟ್ರೀ. ಇದರಲ್ಲಿ ಫೈಲುಗಳು ಮುಖ್ಯ ರೆಪೊಸಿಟರಿಯಲ್ಲೇ ನಿಜವಾಗಿ ಇರುತ್ತವೆ. ಬೇಕಾದಾಗ ಒಂದು ಫೋಲ್ಡರಿನ ಇತಿಹಾಸವನ್ನು ಪ್ರತ್ಯೇಕವಾಗಿ ಹೊರಡಿಸಿ ಬೇರೊಂದು ರೆಪೊಸಿಟರಿಯಾಗಿ ಪ್ರಕಟಿಸಬಹುದು. ಹೊಸಬರು ಏನೂ ವಿಶೇಷವಾಗಿ ಕಲಿಯಬೇಕಾಗಿಲ್ಲ ಎಂಬುದು ಇದರ ದೊಡ್ಡ ಗುಣ. ನಮ್ಮ ಪ್ರೊಸೆಸರ್ ಕೋರನ್ನು ಮಾತ್ರ ಬಳಸಲು ಇಷ್ಟಪಡುವವರಿಗೆ ಓದಲಷ್ಟೇ ಬರುವ ಒಂದು ಪ್ರತಿಬಿಂಬವನ್ನು ಹೀಗೆ ಕೊಡಬಹುದು, ಕೆಲಸವೆಲ್ಲ ಒಂದೇ ಕಡೆ ನಡೆಯುತ್ತದೆ. ಇತಿಹಾಸ ಉದ್ದವಾದಂತೆ ಹೊರಡಿಸುವ ಕ್ರಿಯೆ ನಿಧಾನವಾಗುತ್ತದೆ. ಪ್ರತಿಬಿಂಬಕ್ಕೆ ಬಂದ ತೇಪೆಗಳನ್ನು ಮುಖ್ಯ ಮನೆಗೆ ತರಲು ಒಬ್ಬರು ಜವಾಬ್ದಾರಿ ಹೊರಬೇಕಾಗುತ್ತದೆ. ಒಡೆಯಬೇಕೆಂಬ ಒತ್ತಡ ಹೊರಗಿನ ಬಳಕೆದಾರರಿಂದ ಬಂದಿದ್ದರೆ ಮೊದಲು ಇದನ್ನೇ ಪ್ರಯತ್ನಿಸಿ ಎನ್ನುತ್ತೇನೆ, ಏಕೆಂದರೆ ಬೇಡವೆನಿಸಿದರೆ ಹಿಂದಕ್ಕೆ ಬರುವುದು ಸುಲಭ.

ಪೂರ್ಣವಾಗಿ ಒಡೆದು ಪ್ರತಿ ಭಾಗಕ್ಕೂ ತನ್ನದೇ ಆವೃತ್ತಿ ಸಂಖ್ಯೆ, ತನ್ನದೇ ಬಿಡುಗಡೆ ಕೊಡುವುದು ನಾಲ್ಕನೆಯ ಆಯ್ಕೆ. ಇದನ್ನು ಆರಿಸಿಕೊಂಡವರು ಗಡಿಯಲ್ಲಿರುವ ಎಪಿಐಯನ್ನು ವಾಗ್ದಾನದಂತೆ ಉಳಿಸಿಕೊಳ್ಳಬೇಕು. ಹಲವು ಎಮ್ಯುಲೇಟರ್‌ಗಳನ್ನು ಒಂದೇ ಮುಂಭಾಗದಿಂದ ನಡೆಸುವ ಲಿಬ್‌ರೆಟ್ರೊ ಇದನ್ನು ಸಾಧಿಸಿದೆ: ಅಲ್ಲಿ ಮುಂಭಾಗ ಒಂದು ಕಡೆ, ಕೋರ್‌ಗಳು ತಮ್ಮತಮ್ಮ ರೆಪೊಸಿಟರಿಗಳಲ್ಲಿ. ಆದರೆ ಅಲ್ಲಿ ಗಡಿ ಎಲ್ಲಿ ಬಿದ್ದಿದೆ ಎಂದು ಗಮನಿಸಬೇಕು. ಒಂದು ಫ್ರೇಮ್ ನಡೆಸು, ಚಿತ್ರ ಕೊಡು, ಧ್ವನಿ ಕೊಡು, ಗುಂಡಿ ಒತ್ತಿದ್ದನ್ನು ತೆಗೆದುಕೋ ಎಂಬಷ್ಟೇ ಕಿರಿದಾದ ಬಾಗಿಲು ಅದು. ಒಂದು ಕೋರ್ ಎಂದರೆ ಚಿಪ್ಪುಗಳೂ ಯಂತ್ರವೂ ಸೇರಿದ ಇಡೀ ಎಮ್ಯುಲೇಟರ್. ಚಿಪ್ಪಿಗೂ ಯಂತ್ರಕ್ಕೂ ನಡುವಿನ ಗಡಿ ಹಾಗಲ್ಲ. ಇಂಟರಪ್ಟ್ ಯಾವ ಕ್ಷಣಕ್ಕೆ ಏರಿತು, ಬಸ್ಸನ್ನು ಯಾರು ಹಿಡಿದಿದ್ದರು, ವೇಯ್ಟ್ ಸ್ಟೇಟ್ ಎಷ್ಟು ಎಂಬ ಪ್ರಶ್ನೆಗಳೆಲ್ಲ ಆ ಗಡಿಯ ಮೇಲೆಯೇ ಓಡಾಡುತ್ತವೆ, ಮತ್ತು ನಿಖರತೆ ಹೆಚ್ಚಿದಂತೆ ಹೊಸ ಪ್ರಶ್ನೆಗಳು ಅಲ್ಲೇ ಹುಟ್ಟುತ್ತವೆ.

ಇದಕ್ಕೆ ಸೇವ್ ಸ್ಟೇಟ್‌ನ ಸಮಸ್ಯೆಯನ್ನೂ ಸೇರಿಸಿಕೊಳ್ಳಿ. ಯಂತ್ರದ ಸ್ಥಿತಿಯನ್ನು ಉಳಿಸಿದ ಫೈಲಿನಲ್ಲಿ ಎಲ್ಲ ಚಿಪ್ಪುಗಳ ಒಳಗಿನ ರಿಜಿಸ್ಟರ್‌ಗಳೂ ಇರುತ್ತವೆ. ಕೀಲಿಮಣೆ ಮತ್ತು ಡಿಸ್‌ಪ್ಲೇ ನೋಡಿಕೊಳ್ಳುವ 8279 ಚಿಪ್ಪಿನ ರೆಪೊಸಿಟರಿಯವರು ಒಂದು ಹೊಸ ಚರಾಂಶವನ್ನು ಸೇರಿಸಿ ಚಿಕ್ಕ ಆವೃತ್ತಿಯೊಂದನ್ನು ಬಿಡುಗಡೆ ಮಾಡಿದರೆ, ಅದನ್ನು ಬಳಸುವ ಪ್ರತಿ ಯಂತ್ರದ ಹಳೆಯ ಸೇವ್ ಫೈಲುಗಳು ಓದಲಾಗದಂತಾಗಬಹುದು. ಎಪಿಐ ಬದಲಾಗಿಲ್ಲ, ಕಂಪೈಲರ್ ಏನೂ ಹೇಳುವುದಿಲ್ಲ, ವಿದ್ಯಾರ್ಥಿ ಅರ್ಧಕ್ಕೆ ನಿಲ್ಲಿಸಿ ಉಳಿಸಿಟ್ಟ ಪ್ರಯೋಗ ಮಾತ್ರ ತೆರೆಯುವುದಿಲ್ಲ. ಸಿ++ನಲ್ಲಿ ಬರೆದ ಕೋಡಾದರೆ ಕಂಪೈಲ್ ಮಾಡಿದ ಗ್ರಂಥಾಲಯಗಳ ನಡುವಿನ ಹೊಂದಾಣಿಕೆ ಬೇರೆಯೇ ತಲೆನೋವು. ಸಂಬಳಕ್ಕೆ ದುಡಿಯುವ ತಂಡವಿಲ್ಲದ ಯೋಜನೆಗಳು ಚಿಪ್ಪುಗಳ ಮಟ್ಟದಲ್ಲಿ ಪೂರ್ಣ ಒಡಕಿಗೆ ಇಳಿಯಬಾರದೆಂದೇ ನನ್ನ ಅಭಿಪ್ರಾಯ.

ಹಲವು ರೆಪೊಸಿಟರಿಗಳನ್ನು ಒಂದು ಪಟ್ಟಿಯ ಮೂಲಕ ಒಟ್ಟಿಗೆ ಇಳಿಸುವ, ಆಂಡ್ರಾಯ್ಡ್‌ನವರ ರೆಪೊ ಉಪಕರಣದಂಥ ದಾರಿಯೂ ಇದೆ. ನೂರಾರು ರೆಪೊಸಿಟರಿಗಳಿರುವವರಿಗೆ ಅದು ಬೇಕು. ಹತ್ತು ಜನರ ಯೋಜನೆಗೆ ಬೇಡ.

ಕೊನೆಯದು, ಕೋಡನ್ನು ಮುಟ್ಟದೆ ಮಾಹಿತಿಯನ್ನು ಮಾತ್ರ ಬೇರ್ಪಡಿಸುವುದು. ಇದರ ಬಗ್ಗೆ ಜನ ಕಡಿಮೆ ಯೋಚಿಸುತ್ತಾರೆ, ಆದರೆ ಹೆಚ್ಚು ಲಾಭ ಇಲ್ಲಿದೆ. ಕ್ಯಾಸೆಟ್ಟುಗಳ ಮತ್ತು ಇಪ್ರಾಮ್‌ಗಳ (ಅಳಿಸಿ ಮತ್ತೆ ಬರೆಯಬಹುದಾದ ರಾಮ್‌ಗಳ) ವಿವರದ ಪಟ್ಟಿ, ಕಿಟ್ಟಿನ ಮುಖದ ಚಿತ್ರಗಳು, ಕನ್ನಡ ಮತ್ತು ಮರಾಠಿಯ ಅನುವಾದದ ಫೈಲುಗಳು, ಇವನ್ನು ಬರೆಯುವವರು ಬೇರೆ, ಪರಿಶೀಲಿಸುವವರು ಬೇರೆ, ಬದಲಾಗುವ ಗತಿ ಬೇರೆ. ಪುಣೆಯ ಎಲೆಕ್ಟ್ರಾನಿಕ್ಸ್ ಪೇಟೆಯಾದ ತಾಪ್ಕೀರ್ ಗಲ್ಲಿಯಲ್ಲಿ ಸಿಕ್ಕ ಹಳೆಯ ಬೋರ್ಡಿನಿಂದ 2764 ಇಪ್ರಾಮ್ ಬಿಚ್ಚಿ ಅದರ ಚೆಕ್‌ಸಮ್ಮನ್ನು ದಾಖಲಿಸುವ ವ್ಯಕ್ತಿಗೆ ಸಿ++ ಬರಬೇಕಾಗಿಲ್ಲ. ಕತ್ತರಿಸುವ ಮುನ್ನ ಒಂದನ್ನು ಮಾತ್ರ ಪರೀಕ್ಷಿಸಬೇಕು: ಆ ಮಾಹಿತಿಯನ್ನು ಎಮ್ಯುಲೇಟರ್ ನಡೆಯುವಾಗ ಓದುತ್ತದೆಯೋ, ಕಟ್ಟುವಾಗ ಕೋಡಿನೊಳಗೆ ಸೇರಿಸಿಕೊಳ್ಳುತ್ತದೆಯೋ? ಮೇಮ್‌ನಲ್ಲಿ ಸಾಫ್ಟ್‌ವೇರ್ ಪಟ್ಟಿಗಳು ಎಕ್ಸ್‌ಎಂಎಲ್ ಫೈಲುಗಳಾಗಿ ಪ್ರತ್ಯೇಕ ಫೋಲ್ಡರಿನಲ್ಲಿವೆ, ಯಂತ್ರದ ಸ್ವಂತ ರಾಮ್‌ಗಳ ಚೆಕ್‌ಸಮ್ ಮಾತ್ರ ಯಂತ್ರದ ಸಿ++ ಫೈಲಿನಲ್ಲೇ ಇದೆ. ಮೊದಲನೆಯ ಬಗೆಯದನ್ನು ಕತ್ತರಿಸಬಹುದು, ಎರಡನೆಯದನ್ನು ಕತ್ತರಿಸಲಾಗದು.

ನಿರ್ಧಾರಕ್ಕೆ ಮುನ್ನ ಎಣಿಸಿ

ವಾದ ಮಾಡುವುದಕ್ಕಿಂತ ಎಣಿಸುವುದು ಮೇಲು ಎಂದು ನಮಗೆ ತಡವಾಗಿ ಹೊಳೆಯಿತು. ಕಳೆದ ಎರಡು ವರ್ಷದ ಲಾಗನ್ನು ಫೈಲುಗಳ ಹೆಸರಿನೊಡನೆ ಹೊರಡಿಸಿ, ನೀವು ಗೋಡೆ ಎಬ್ಬಿಸಲಿರುವ ಜಾಗದ ಎರಡೂ ಬದಿಯನ್ನು ಮುಟ್ಟಿದ ಕಮಿಟ್‌ಗಳು ಎಷ್ಟೆಂದು ನೋಡಿ. ಒಂದು ಚಿಕ್ಕ ಸ್ಕ್ರಿಪ್ಟಿನ ಕೆಲಸ ಅದು. ಹೆಸರು ಬದಲಿಸಿದ, ಎಲ್ಲ ಫೈಲುಗಳ ಪರವಾನಗಿಯ ಸಾಲು ತಿದ್ದಿದ ಸಾಮೂಹಿಕ ಕಮಿಟ್‌ಗಳನ್ನು ಲೆಕ್ಕದಿಂದ ಬಿಡಬೇಕು, ಇಲ್ಲದಿದ್ದರೆ ಎಲ್ಲವೂ ಎಲ್ಲಕ್ಕೂ ಅಂಟಿದಂತೆ ಕಾಣುತ್ತದೆ. ಬಳಿಕ ಬೆನ್ನುಬೆನ್ನಿಗೆ ಬಂದ ಕಮಿಟ್‌ಗಳನ್ನೂ ಗಮನಿಸಬೇಕು. ಇಂದು ಚಿಪ್ಪನ್ನು ತಿದ್ದಿ ನಾಳೆ ಅದೇ ಕಾರಣಕ್ಕೆ ಯಂತ್ರವನ್ನು ತಿದ್ದಿದ್ದರೆ ಅದೂ ಒಂದೇ ಕೆಲಸ.

ನಮ್ಮ ಎಣಿಕೆಯಲ್ಲಿ ಚಿಪ್ಪುಗಳೂ ಯಂತ್ರಗಳೂ ಬಿಡಿಸಲಾಗದಷ್ಟು ಹೆಣೆದುಕೊಂಡಿದ್ದವು, ಅವೇ ಬಾವಿ. ಅನಿರೀಕ್ಷಿತವಾಗಿ ಕಂಡದ್ದು, ಯಂತ್ರಭಾಷೆಯ ಬೈಟುಗಳನ್ನು ಓದಬಲ್ಲ ಆದೇಶಗಳಾಗಿ ತೋರಿಸುವ ಡಿಸ್ಅಸೆಂಬ್ಲರ್. ಡೀಬಗರಿನ ಭಾಗವೆಂದು ನಾವು ತಿಳಿದಿದ್ದ ಅದು ಯಾರೊಡನೆಯೂ ಜೊತೆಯಾಗಿ ಬದಲಾಗಿರಲಿಲ್ಲ. ಕಾರಣ ಸ್ಪಷ್ಟ: ಬೈಟುಗಳು ಒಳಗೆ, ಅಕ್ಷರಗಳು ಹೊರಗೆ, ಮತ್ತು 1976ರ 8085ಕ್ಕೆ ಹೊಸ ಆದೇಶಗಳು ಬರುವುದಿಲ್ಲ. ಅದನ್ನು ಪ್ರತ್ಯೇಕ ಗ್ರಂಥಾಲಯ ಮಾಡಿದೆವು. ಈಗ ಅಸೆಂಬ್ಲರ್ ಬರೆಯುತ್ತಿರುವ ಇನ್ನೊಂದು ಗುಂಪಿನವರೂ ಅದನ್ನು ಬಳಸುತ್ತಿದ್ದಾರೆ. ಕೈಪಿಡಿಯ ವಿಷಯದಲ್ಲಿ ಎಣಿಕೆ ನಮ್ಮನ್ನು ತಿದ್ದಿತು. ಅದನ್ನು ಪೂರ್ತಿಯಾಗಿ ಹೊರಗಿಡಲು ಹೊರಟಿದ್ದೆವು, ಆದರೆ ಟಿ-ಸ್ಟೇಟ್‌ಗಳ ಕೋಷ್ಟಕಗಳು ಕೋರಿನೊಡನೆಯೇ ಬದಲಾಗಿದ್ದವು. ಆದ್ದರಿಂದ ಕೋಷ್ಟಕಗಳನ್ನು ಕೋಡಿನಿಂದಲೇ ಹುಟ್ಟಿಸುವಂತೆ ಮಾಡಿ ಒಳಗಿಟ್ಟೆವು, ಪಾಠದ ಬರಹವನ್ನು ಡೊಂಬಿವಲಿಯವರ ಕೈಗೆ ಪ್ರತ್ಯೇಕ ರೆಪೊಸಿಟರಿಯಾಗಿ ಒಪ್ಪಿಸಿದೆವು.

ಪರವಾನಗಿಯೂ ಒಮ್ಮೊಮ್ಮೆ ನಿಜವಾದ ಕಾರಣವಾಗಿರುತ್ತದೆ. ಮೇಮ್ 2016ರಲ್ಲಿ ತನ್ನ ಹಳೆಯ ನಿರ್ಬಂಧದ ಪರವಾನಗಿಯನ್ನು ಬಿಟ್ಟಾಗ ಇಡೀ ಯೋಜನೆ ಜಿಪಿಎಲ್ (ಬದಲಿಸಿ ಹಂಚುವವರೂ ಮೂಲ ಕೋಡನ್ನು ಕೊಡಬೇಕೆನ್ನುವ ಪರವಾನಗಿ) ಅಡಿಯಲ್ಲಿ ಬಂದರೂ ಬಹಳಷ್ಟು ಫೈಲುಗಳು ಹೆಚ್ಚು ಸಡಿಲವಾದ ಬಿಎಸ್‌ಡಿ ಪರವಾನಗಿಯಲ್ಲಿವೆ. ಇಂಥ ಮಿಶ್ರ ಕೋಡಿನಲ್ಲಿ ಬಿಎಸ್‌ಡಿ ಭಾಗವನ್ನು ಪ್ರತ್ಯೇಕಿಸಿದರೆ ಬಳಸುವವರಿಗೆ ಸ್ಪಷ್ಟತೆ ಸಿಗುತ್ತದೆ; ಆದರೆ ಫೋಲ್ಡರಿನ ಹೆಸರನ್ನು ನಂಬದೆ ಪ್ರತಿ ಫೈಲಿನ ತಲೆಯ ಸಾಲನ್ನು ಓದಲೇಬೇಕು.

ಕತ್ತರಿಸುವಾಗ

ಕತ್ತರಿಸುವುದೆಂದು ನಿಶ್ಚಯವಾದ ಮೇಲೆ ಇತಿಹಾಸದಿಂದ ಬೇಕಾದ ಫೋಲ್ಡರನ್ನಷ್ಟೇ ಬೇರ್ಪಡಿಸುವ ಗಿಟ್ ಫಿಲ್ಟರ್-ರೆಪೊ ಉಪಕರಣವನ್ನು ಬಳಸಿ. ಹಳೆಯ ಫಿಲ್ಟರ್-ಬ್ರಾಂಚ್ ಬೇಡವೆಂದು 2019ರ 2.24 ಆವೃತ್ತಿಯಿಂದ ಗಿಟ್ ತಾನೇ ಎಚ್ಚರಿಸುತ್ತದೆ. ಯಾವಾಗಲೂ ಹೊಸ ಕ್ಲೋನಿನ ಮೇಲೆಯೇ ಕೆಲಸ ಮಾಡಬೇಕು. ಇದು ಹೆಸರು ಬದಲಾದ ಫೈಲುಗಳ ಜಾಡನ್ನು ತಾನಾಗಿ ಹಿಡಿಯುವುದಿಲ್ಲ: ಇಂದಿನ ಫೋಲ್ಡರಿನ ಹೆಸರನ್ನು ಮಾತ್ರ ಕೊಟ್ಟರೆ, ಆರು ವರ್ಷದ ಹಿಂದೆ ಬೇರೆ ಫೋಲ್ಡರಿನಲ್ಲಿದ್ದಾಗಿನ ಇತಿಹಾಸ ಕಳೆದುಹೋಗುತ್ತದೆ. ಅದಕ್ಕಾಗಿ ಮೊದಲು ಅದರ ವಿಶ್ಲೇಷಣೆಯ ಆಯ್ಕೆಯನ್ನು ನಡೆಸಿ, ಹೆಸರು ಬದಲಾವಣೆಯ ವರದಿಯನ್ನು ಓದಿ, ಹಳೆಯ ಹಾದಿಗಳನ್ನೆಲ್ಲ ಪಟ್ಟಿಗೆ ಸೇರಿಸಬೇಕು. ನಮ್ಮ ಡಿಸ್ಅಸೆಂಬ್ಲರನ್ನು ಮೊದಲು ಬರೆದ ಗೆಳೆಯರು ಈಗ ನಮ್ಮ ನಡುವೆ ಇಲ್ಲ. ಮೊದಲ ಬಾರಿ ಕತ್ತರಿಸಿದಾಗ ಅವರ ಹೆಸರಿನ ಕಮಿಟ್‌ಗಳೆಲ್ಲ ಇದೇ ಕಾರಣಕ್ಕೆ ಬಿಟ್ಟುಹೋಗಿದ್ದವು. ನೋಡಿ ಮನಸ್ಸಿಗೆ ಬಹಳ ನೋವಾಯಿತು. ಹಳೆಯ ಹಾದಿಯನ್ನು ಸೇರಿಸಿ ಮತ್ತೆ ಮಾಡಿದೆವು.

ಕಮಿಟ್‌ಗಳ ಹ್ಯಾಷ್ (ಗುರುತಿನ ಸಂಖ್ಯೆ) ಎಲ್ಲವೂ ಬದಲಾಗುತ್ತದೆ, ಸಹಿ ಮಾಡಿದ ಟ್ಯಾಗ್‌ಗಳ (ಆವೃತ್ತಿಗಳಿಗೆ ಕೊಟ್ಟ ಹೆಸರುಗಳ) ಸಹಿ ಉಳಿಯುವುದಿಲ್ಲ. ಹಳೆಯ ಹ್ಯಾಷ್‌ಗೆ ಹೊಸದು ಯಾವುದೆಂಬ ನಕ್ಷೆಯ ಫೈಲನ್ನು ಉಪಕರಣ ಬರೆದಿಡುತ್ತದೆ; ಅದನ್ನು ಹೊಸ ರೆಪೊಸಿಟರಿಯಲ್ಲೇ ಕಾಪಿಡಬೇಕು, ಏಕೆಂದರೆ ಹಳೆಯ ದೋಷವರದಿಗಳಲ್ಲಿ ಜನ ಬರೆದಿರುವುದು ಹಳೆಯ ಹ್ಯಾಷ್. ಮುಖ್ಯ ರೆಪೊಸಿಟರಿಯ ಇತಿಹಾಸವನ್ನು ಮಾತ್ರ ಪುನಃ ಬರೆಯಬಾರದು. ಅಲ್ಲಿ ಆ ಫೋಲ್ಡರನ್ನು ಒಂದು ಸಾಮಾನ್ಯ ಕಮಿಟ್ಟಿನಿಂದ ಅಳಿಸಿ, ಅದು ಎಲ್ಲಿಗೆ ಹೋಯಿತೆಂದು ಸಂದೇಶದಲ್ಲಿ ಬರೆದರೆ ಸಾಕು. ಆಮೇಲೆ ಹಳೆಯ ಕ್ಲೋನ್ ಎಂದೂ ಇರದ ಒಂದು ಕಂಪ್ಯೂಟರಿನಲ್ಲಿ ಹೊಸದನ್ನು ಇಳಿಸಿ, ಕಟ್ಟಿ, ಪರೀಕ್ಷೆಗಳನ್ನು ನಡೆಸಿ ನೋಡಬೇಕು. ನಮ್ಮಲ್ಲಿ ಆ ಕೆಲಸವನ್ನು ಮಾಡಿದವಳು ಆ ವಿದ್ಯಾರ್ಥಿನಿಯೇ. ಮುಖ್ಯ ರೆಪೊಸಿಟರಿಯಲ್ಲೇ ಉಳಿದುಬಿಟ್ಟಿದ್ದ ಒಂದು ಹೆಡರ್ ಫೈಲಿಗಾಗಿ ಡಿಸ್ಅಸೆಂಬ್ಲರ್ ಹುಡುಕಾಡುತ್ತಿರುವುದನ್ನು ಅವಳು ಅರ್ಧ ಗಂಟೆಯಲ್ಲಿ ಕಂಡುಹಿಡಿದಳು. ನಮ್ಮೆಲ್ಲರ ಯಂತ್ರಗಳಲ್ಲಿ ಹಳೆಯ ಪ್ರತಿ ಇದ್ದುದರಿಂದ ಅದು ನಮಗೆ ಯಾರಿಗೂ ಕಂಡಿರಲಿಲ್ಲ.